ಸ್ಪ್ರಿಂಗ್ ಮಿಲ್‌ನಲ್ಲಿ ಟೆಂಟ್ ಹೂಡುವ ಮುನ್ನ

ಇಂಡಿಯಾನಾಪೊಲಿಸ್, ಲೂಯಿವಿಲ್, ಶಿಕಾಗೋ ಕಡೆಯ ಕನ್ನಡ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಈ ಮಾತು ಏಳುತ್ತದೆ: ‘ಈ ಸಲ ಹೋಟೆಲ್ ಬೇಡ, ಟೆಂಟ್ ಹಾಕೋಣ.’ ಅಂಗಡಿಯಿಂದ ಟೆಂಟ್ ಬರುತ್ತದೆ, ಜಾಗ ಕಾದಿರಿಸಿ ಆಗುತ್ತದೆ, ಶುಕ್ರವಾರ ಕೆಲಸ ಮುಗಿಸಿ ಕಾರು ಹತ್ತುತ್ತೀರಿ. ಅಲ್ಲಿಂದ ಮುಂದೆ ತೊಡಕುಗಳು ಶುರು. ಕತ್ತಲಲ್ಲಿ ಕೋಲು ಯಾವುದು, ಬಟ್ಟೆ ಯಾವುದು ತಿಳಿಯದು. ಬೆಳಗಿನ ಜಾವ ಬೆನ್ನು ಮರಗಟ್ಟಿ ಎಚ್ಚರವಾಗುತ್ತದೆ. ಗುಹೆಯ ಬಳಿ ಹೋದರೆ ದೋಣಿಯ ಟಿಕೆಟ್ ಮುಗಿದಿದೆ. ಹಳೆಯ ಹಳ್ಳಿಯನ್ನು ಅರ್ಧ ಗಂಟೆಯಲ್ಲಿ ಸುತ್ತಿ, ನಾಲ್ಕು ಫೋಟೊ ತೆಗೆದು, ‘ಇಷ್ಟೇನಾ?’ ಎಂದು ಮರಳುತ್ತೀರಿ.

ಇಷ್ಟೇ ಅಲ್ಲ. ದಕ್ಷಿಣ ಇಂಡಿಯಾನಾದ ಮಿಚೆಲ್ ಊರಿನ ಪಕ್ಕದಲ್ಲಿರುವ ಸ್ಪ್ರಿಂಗ್ ಮಿಲ್ ಸ್ಟೇಟ್ ಪಾರ್ಕ್ ಎರಡು ರಾತ್ರಿ ತಂಗಿ ನೋಡಬೇಕಾದ ಜಾಗ. ಅಲ್ಲಿನ ಗುಹೆ, ಗಿರಣಿ, ಹಳ್ಳಿ, ಕಾಡು ಇವೆಲ್ಲವನ್ನೂ ಹೆಣೆದಿರುವುದು ನೆಲದಡಿಯ ನೀರು. ಆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ತಿಳಿದುಕೊಂಡರೆ ಏನನ್ನು ಯಾವಾಗ ನೋಡಬೇಕು, ಯಾವ ನಿಯಮ ಏಕಿದೆ, ಪಾತ್ರೆ ತೊಳೆದ ನೀರನ್ನು ಎಲ್ಲಿ ಚೆಲ್ಲಬಾರದು ಎನ್ನುವುದೂ ತಿಳಿಯುತ್ತದೆ.

ನೀರು ಕಟ್ಟಿದ ಊರು

ಈ ಸೀಮೆಯ ನೆಲದಡಿ ಇರುವುದು ಸುಣ್ಣದ ಕಲ್ಲು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಆಮ್ಲೀಯವಾಗುತ್ತದೆ. ಆ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಸಾವಿರಾರು ವರ್ಷ ಕಲ್ಲನ್ನು ಕರಗಿಸಿದ್ದರಿಂದ ಒಳಗೆ ಸುರಂಗಗಳಾಗಿವೆ. ಮೇಲಿನ ನೆಲ ಅಲ್ಲಲ್ಲಿ ಕುಸಿದು ಬೋಗುಣಿಯಂತೆ ಗುಂಡಿ ಬಿದ್ದಿದೆ. ಟ್ವಿನ್ ಕೇವ್ಸ್ ಎಂಬಲ್ಲಿ ಹೀಗೆ ಚಾವಣಿ ಕುಸಿದು, ನೆಲದಡಿಯ ತೊರೆ ಸ್ವಲ್ಪ ದೂರ ಬೆಳಕಿಗೆ ಬಂದಿದೆ. ಒಂದು ಗುಹೆಯಿಂದ ಹೊರಬಂದ ನೀರು ಎದುರಿನ ಗುಹೆಗೆ ನುಗ್ಗಿ ಮಾಯವಾಗುತ್ತದೆ. ಅದೇ ನೀರು ಬ್ರಾನ್ಸನ್ ಗುಹೆಯಲ್ಲಿ ಮತ್ತೆ ಕಾಣಿಸಿಕೊಂಡು, ಕೊನೆಗೆ ಡೊನಾಲ್ಡ್‌ಸನ್ ಗುಹೆಯ ಬಾಯಿಂದ ಹೊರಗೆ ಹರಿಯುತ್ತದೆ.

ಹೇಮರ್ ಗುಹೆಯ ತೊರೆಯದು ಬೇರೆ ಕಥೆ. ಗುಹೆಯ ನೀರು ಬೇಸಿಗೆಯಲ್ಲಿ ಬತ್ತುವುದಿಲ್ಲ, ಚಳಿಗಾಲದಲ್ಲಿ ಸುಲಭಕ್ಕೆ ಹೆಪ್ಪುಗಟ್ಟುವುದೂ ಇಲ್ಲ. ವರ್ಷವಿಡೀ ಚಕ್ರ ತಿರುಗಿಸಬೇಕೆನ್ನುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಇಂಡಿಯಾನಾ ರಾಜ್ಯವಾದದ್ದು 1816ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ವಲಸಿಗರು ಇಲ್ಲಿ ನೆಲೆಯೂರಿದ್ದರು. ಮೂಲನಿವಾಸಿ ಜನಾಂಗಗಳಿಂದ ಒಪ್ಪಂದಗಳ ಹೆಸರಿನಲ್ಲಿ ಈ ನೆಲ ಕೈತಪ್ಪಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ‘ಪಯೊನೀರ್ ವಿಲೇಜ್’ ಎಂಬ ಫಲಕದ ಮುಂದೆ ನಿಂತಾಗ ಮಕ್ಕಳಿಗೆ ಇದನ್ನೂ ಹೇಳಬೇಕು. 1817ರಲ್ಲಿ ಮೂರು ಅಂತಸ್ತಿನ ಕಲ್ಲಿನ ಗಿರಣಿ ಎದ್ದಿತು. ಅದರ ಸುತ್ತ ಅಂಗಡಿ, ಮರ ಕೊಯ್ಯುವ ಯಂತ್ರ, ನೇಕಾರರ ಮನೆ, ಅಂಚೆ ಎಲ್ಲ ಬಂದವು. 1832ರಿಂದ ಹೇಮರ್ ಸಹೋದರರ ಕೈಯಲ್ಲಿ ಊರು ಚೆನ್ನಾಗಿ ಬೆಳೆಯಿತು. 1850ರ ದಶಕದಲ್ಲಿ ರೈಲು ಬಂದದ್ದು ಪಕ್ಕದ ಮಿಚೆಲ್‌ಗೆ. ವ್ಯಾಪಾರ ರೈಲಿನ ಹಿಂದೆ ಹೋಯಿತು, ಹಳ್ಳಿ ಮೆಲ್ಲಗೆ ಬರಿದಾಯಿತು. 1927ರಲ್ಲಿ ಪಾರ್ಕ್ ಆದಮೇಲೆ ಪಾಳುಬಿದ್ದ ಗಿರಣಿಯನ್ನೂ ಮನೆಗಳನ್ನೂ ಮತ್ತೆ ಎತ್ತಿ ನಿಲ್ಲಿಸಿದರು. ಆ ಗಿರಣಿ ಈಗಲೂ ಮೆಕ್ಕೆಜೋಳ ಬೀಸುತ್ತದೆ.

ಇತಿಹಾಸ ಇಷ್ಟು ಸಾಕು, ಇನ್ನು ತಯಾರಿ.

1. ಯಾವಾಗ, ಎಂಥ ಜಾಗ

ಇಂಡಿಯಾನಾದ ಸ್ಟೇಟ್ ಪಾರ್ಕ್‌ಗಳಲ್ಲಿ ಆರು ತಿಂಗಳು ಮುಂಚಿತವಾಗಿ ಜಾಗ ಕಾದಿರಿಸಬಹುದು. ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ಮತ್ತು ಎಲೆ ಬಣ್ಣ ತಿರುಗುವ ಅಕ್ಟೋಬರ್‌ನ ವಾರಾಂತ್ಯಗಳು ಬೇಗ ತುಂಬುತ್ತವೆ. ಮೊದಲ ಸಲದವರಿಗೆ ನಾನು ಹೇಳುವುದು ಲೇಬರ್ ಡೇ ಮುಗಿದ ಮೇಲಿನ ಸೆಪ್ಟೆಂಬರ್. ಹಗಲು ಹಿತ, ಸೊಳ್ಳೆ ಕಡಿಮೆ, ಗದ್ದಲವೂ ಕಡಿಮೆ. ಆದರೆ ಶಾಲೆ ಶುರುವಾದ ಮೇಲೆ ದೋಣಿ ಸವಾರಿಯ ದಿನಗಳೂ ಹಳ್ಳಿಯ ಚಟುವಟಿಕೆಗಳೂ ಕಡಿಮೆಯಾಗುತ್ತವೆ. ಹೊರಡುವ ಮೊದಲು ಪಾರ್ಕ್‌ಗೆ ಫೋನ್ ಮಾಡಿ ಆ ವಾರದ ವೇಳೆಯನ್ನು ಕೇಳಿಕೊಳ್ಳಿ.

ವಿದ್ಯುತ್ ಇರುವ ಜಾಗಕ್ಕೆ ದುಡ್ಡು ಸ್ವಲ್ಪ ಹೆಚ್ಚು. ಮೊದಲ ಸಲಕ್ಕೆ ಅದನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಅನ್ನಕ್ಕೆ ಇನ್‌ಸ್ಟಂಟ್ ಪಾಟ್ ಇಟ್ಟರೆ ಒಲೆಯ ಮುಂದಿನ ಅರ್ಧ ಪರದಾಟ ತಪ್ಪುತ್ತದೆ. ಹೊರಾಂಗಣಕ್ಕೆಂದೇ ಮಾಡಿದ ಉದ್ದನೆಯ ಎಕ್ಸ್‌ಟೆನ್ಶನ್ ವೈರ್ ಬೇಕು, ಮನೆಯೊಳಗಿನದು ಬೇಡ. ನಕ್ಷೆಯಲ್ಲಿ ಶೌಚಾಲಯ ಮತ್ತು ಸ್ನಾನದ ಕಟ್ಟಡ ಎಲ್ಲಿದೆ ನೋಡಿ, ಅದರಿಂದ ನಾಲ್ಕೈದು ಜಾಗ ಆಚೆಗಿರುವುದನ್ನು ಆರಿಸಿ. ತೀರಾ ಪಕ್ಕದಲ್ಲಿದ್ದರೆ ರಾತ್ರಿಯಿಡೀ ಬಾಗಿಲ ಸದ್ದು, ದೀಪ. ತೀರಾ ದೂರವಾದರೆ ಮಕ್ಕಳನ್ನು ನಡುರಾತ್ರಿ ಕರೆದೊಯ್ಯುವ ಕಷ್ಟ.

ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದು ನೆಲದ ಮೇಲೆ ಮಲಗುವುದು ಅವರಿಗೆ ಆಗದಿದ್ದರೆ, ಪಾರ್ಕ್‌ನೊಳಗೇ 1939ರಲ್ಲಿ ಇಲ್ಲಿನ ಸುಣ್ಣದ ಕಲ್ಲಿನಿಂದ ಕಟ್ಟಿದ ಸ್ಪ್ರಿಂಗ್ ಮಿಲ್ ಇನ್ ಇದೆ. ಅವರಿಗೆ ಅಲ್ಲಿ ಕೋಣೆ, ನಿಮಗೆ ಟೆಂಟ್, ಊಟ ಒಟ್ಟಿಗೆ. ಕೋಣೆ ಇದೆಯೇ ಎಂದು ಮುಂಚೆಯೇ ವಿಚಾರಿಸಿ.

ಶಿಕಾಗೋದಿಂದ ಬರುವವರು ಒಂದನ್ನು ನೆನಪಿಡಿ: ಮಿಚೆಲ್ ಇರುವುದು ಪೂರ್ವ ವಲಯದ ಕಾಲದಲ್ಲಿ. ದಾರಿಯಲ್ಲಿ ಒಂದು ಗಂಟೆ ಕಳೆದುಹೋಗುತ್ತದೆ, ಕತ್ತಲಾಗುವ ಮುಂಚೆ ತಲುಪುವ ಲೆಕ್ಕ ಅಷ್ಟಕ್ಕೇ ತಪ್ಪಬಹುದು.

2. ಟೆಂಟ್ ಮತ್ತು ರಾತ್ರಿಯ ಚಳಿ

ಹೊಸಬರು ಹೊದಿಕೆಯ ಬಗ್ಗೆ ಯೋಚಿಸುತ್ತಾರೆ, ಹಾಸಿಗೆಯ ಬಗ್ಗೆ ಅಲ್ಲ. ಚಳಿ ಹೆಚ್ಚಾಗಿ ಬರುವುದು ಕೆಳಗಿನಿಂದ. ತಣ್ಣನೆಯ ನೆಲ ಮೈಯ ಶಾಖವನ್ನು ಎಡೆಬಿಡದೆ ಎಳೆದುಕೊಳ್ಳುತ್ತದೆ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ನಿಮ್ಮ ಭಾರಕ್ಕೆ ಚಪ್ಪಟೆಯಾಗುವುದರಿಂದ ಅದರಲ್ಲಿ ಗಾಳಿ ನಿಲ್ಲದು. ಗಾಳಿಯ ಪದರ ಇಲ್ಲದ ಮೇಲೆ ಬೆಚ್ಚಗೂ ಇಲ್ಲ. ಬರೀ ಗಾಳಿ ತುಂಬಿದ ಹಾಸಿಗೆಯಲ್ಲಿ ಒಳಗಿನ ಗಾಳಿ ಸುತ್ತುತ್ತ ಶಾಖವನ್ನು ನೆಲಕ್ಕೆ ಸಾಗಿಸುತ್ತದೆ. ಅದರ ಮೇಲೆ ಫೋಮ್ ಪ್ಯಾಡ್ ಅಥವಾ ಮನೆಯ ದಪ್ಪ ರಗ್ಗು ಹಾಸಿ, ವ್ಯತ್ಯಾಸ ಆ ರಾತ್ರಿಯೇ ತಿಳಿಯುತ್ತದೆ.

ಜಾಗ ಆರಿಸುವಾಗ ತಗ್ಗು ಬಿಡಿ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನ ಬುಡದಲ್ಲಿ ಬಂದು ಕೂರುತ್ತದೆ, ಮಳೆ ಬಂದರೆ ನೀರೂ ಅಲ್ಲಿಗೇ. ತಲೆಯೆತ್ತಿ ಮೇಲೆ ಒಣ ಕೊಂಬೆ ನೇತಾಡುತ್ತಿದೆಯೇ ನೋಡಿ.

ಬೆಳಿಗ್ಗೆ ಟೆಂಟ್ ಒಳಗೆ ಒದ್ದೆಯಾಗಿದ್ದರೆ ಸೋರಿದೆ ಎಂದುಕೊಳ್ಳಬೇಡಿ. ನಾಲ್ಕು ಜನರ ಉಸಿರಿನ ಹಬೆ ರಾತ್ರಿಯಿಡೀ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿರುತ್ತದೆ. ಚಳಿಯೆಂದು ಎಲ್ಲ ಕಿಟಕಿ ಮುಚ್ಚಿದಷ್ಟೂ ಇದು ಹೆಚ್ಚು. ಮೇಲಿನ ಜಾಲರಿ ತೆರೆದಿಟ್ಟು, ಅದರ ಮೇಲೆ ರೇನ್‌ಫ್ಲೈ ಬಿಗಿಯಾಗಿ ಕಟ್ಟಿ. ಮನೆಯ ಅಂಗಳದಲ್ಲೋ ಹತ್ತಿರದ ಪಾರ್ಕಿನಲ್ಲೋ ಒಮ್ಮೆ ಟೆಂಟ್ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿಕೊಂಡು ಹೊರಡಿ.

3. ಸೌದೆ ಮತ್ತು ಬೆಂಕಿ

ಮನೆಯ ಹಿತ್ತಲಿನ ಸೌದೆ ಕಾರಿಗೆ ತುಂಬಬೇಡಿ. ಆ್ಯಶ್ ಮರ ಕೊಲ್ಲುವ ಹಸಿರು ಜೀರುಂಡೆಯೊಂದು ಏಷ್ಯಾದಿಂದ ಬಂದು 2002ರಲ್ಲಿ ಮಿಶಿಗನ್‌ನಲ್ಲಿ, 2004ರಲ್ಲಿ ಇಂಡಿಯಾನಾದಲ್ಲಿ ಕಾಣಿಸಿಕೊಂಡಿತು. ಮರಿಗಳು ತೊಗಟೆಯಡಿ ಅಡಗಿ, ಸೌದೆಯ ಜೊತೆ ನೂರಾರು ಮೈಲಿ ಪಯಣಿಸುತ್ತವೆ. ಹೀಗಾಗಿ ಶಾಖದಲ್ಲಿ ಸಂಸ್ಕರಿಸಿ ಮುದ್ರೆ ಒತ್ತಿದ ಸೌದೆ ಅಥವಾ ತೊಗಟೆ ತೆಗೆದ ಸೌದೆಯನ್ನೇ ಬಳಸಬೇಕು. ಪಾರ್ಕಿನ ಬಳಿಯೇ ಕೊಳ್ಳುವುದು ಸುಲಭ.

ಬೆಂಕಿ ಹೊತ್ತದಿರುವುದಕ್ಕೆ ಸಾಮಾನ್ಯ ಕಾರಣ ಅವಸರ. ದಪ್ಪ ಕೊರಡಿಗೆ ನೇರವಾಗಿ ಕಡ್ಡಿ ಗೀರಿದರೆ ಅದರೊಳಗಿನ ತೇವ ಶಾಖವನ್ನೆಲ್ಲ ನುಂಗುತ್ತದೆ. ಮೊದಲು ಕಾಗದ ಅಥವಾ ಒಣ ಚಕ್ಕೆ, ಆಮೇಲೆ ಬೆರಳು ಗಾತ್ರದ ಕಡ್ಡಿ, ಅವು ಕೆಂಡವಾದ ಮೇಲೆ ಮಣಿಕಟ್ಟು ಗಾತ್ರದ್ದು. ನಡುವೆ ಗಾಳಿ ಆಡಲು ಸಂದು ಬಿಡಿ. ಅಡುಗೆ ಜ್ವಾಲೆಯಲ್ಲಿ ಅಲ್ಲ, ಕೆಂಡದ ಮೇಲೆ. ಮಲಗುವ ಮುನ್ನ ನೀರು ಸುರಿದು, ಕದಡಿ, ಮತ್ತೆ ಸುರಿದು, ಅಂಗೈಯ ಹಿಂಬದಿ ಹತ್ತಿರ ತಂದು ಬಿಸಿ ತಟ್ಟುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಮಳೆ ಬಂತೆಂದು ಒಲೆ, ಇದ್ದಿಲ ಗ್ರಿಲ್ ಯಾವುದನ್ನೂ ಟೆಂಟ್ ಒಳಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

4. ಪಾತ್ರೆ ತೊಳೆದ ನೀರು

ಬೇರೆ ಕಡೆಯಾದರೆ ಇದನ್ನು ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಸುಣ್ಣದ ಕಲ್ಲಿನ ಸೀಮೆಯಲ್ಲಿ ಹಾಗಲ್ಲ. ಸಾಮಾನ್ಯ ನೆಲದಲ್ಲಿ ಮೇಲೆ ಚೆಲ್ಲಿದ ನೀರು ಮಣ್ಣು, ಮರಳಿನ ಪದರಗಳಲ್ಲಿ ನಿಧಾನವಾಗಿ ಸೋಸಿಕೊಂಡು ಇಳಿಯುತ್ತದೆ. ಇಲ್ಲಿ ಗುಂಡಿ, ಬಿರುಕುಗಳ ಮೂಲಕ ನೇರ ಗುಹೆಯ ತೊರೆಗೆ ಸೇರಬಹುದು. ಆ ತೊರೆಯಲ್ಲಿರುವುದು ಕಣ್ಣಿಲ್ಲದ, ಬಣ್ಣವಿಲ್ಲದ ಗುಹೆ ಮೀನು. ತಾಯಿ ಮೀನು ಮೊಟ್ಟೆಗಳನ್ನು ತನ್ನ ಕಿವಿರಿನ ಕುಹರದಲ್ಲಿಟ್ಟುಕೊಂಡು ಕಾಯುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದ ಕಾರ್ಲ್ ಐಗನ್‌ಮನ್ ಇಲ್ಲಿನ ಗುಹೆ ಮೀನುಗಳನ್ನು ಅಧ್ಯಯನ ಮಾಡಿ ಹೆಸರಾದವರು. ದಕ್ಷಿಣ ಇಂಡಿಯಾನಾದ ಈ ಮೀನುಗಳನ್ನು ಪ್ರತ್ಯೇಕ ಪ್ರಭೇದವೆಂದು 2014ರಲ್ಲಿ ವಿಜ್ಞಾನಿಗಳು ಗುರುತಿಸಿ ಹೂಸಿಯರ್ ಗುಹೆ ಮೀನು ಎಂದು ಕರೆದರು.

ಸಾಬೂನು, ಸಾರಿನ ಜಿಡ್ಡು, ಅಕ್ಕಿ ತೊಳೆದ ನೀರು ಯಾವುದನ್ನೂ ನೆಲಕ್ಕಾಗಲಿ ತಗ್ಗಿಗಾಗಲಿ ಚೆಲ್ಲಬೇಡಿ. ತಟ್ಟೆಯ ಜಿಡ್ಡನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿ, ಒಂದು ಬೇಸಿನ್‌ನಲ್ಲಿ ತೊಳೆದು ಆ ನೀರನ್ನು ಕ್ಯಾಂಪಿನಲ್ಲಿ ಅದಕ್ಕೆಂದೇ ಇರುವ ಚರಂಡಿಗೆ ಸುರಿಯಿರಿ. ಮೊದಲ ರಾತ್ರಿಗೆ ಮನೆಯಿಂದಲೇ ಚಪಾತಿ, ಪಲ್ಯ, ಮೊಸರನ್ನ ತಂದರೆ ತೊಳೆಯುವ ಕೆಲಸವೇ ಕಡಿಮೆ.

5. ಗುಹೆಗೆ ಹೋಗುವ ದಿನ

ಟ್ವಿನ್ ಕೇವ್ಸ್‌ನ ದೋಣಿ ಸವಾರಿ ಬೇಸಿಗೆ ಕಾಲದ್ದು. ಜನ ಬೇಗ ಸೇರುವುದರಿಂದ ಮಧ್ಯಾಹ್ನ ಹೋದವರಿಗೆ ಜಾಗ ಸಿಗದಿರುವುದು ಸಾಮಾನ್ಯ. ಬೆಳಗಿನ ತಿಂಡಿ ಮುಂದೂಡಿ, ತೆರೆಯುವ ಹೊತ್ತಿಗೆ ಅಲ್ಲಿರಿ. ತೀರಾ ಚಿಕ್ಕ ಮಕ್ಕಳನ್ನು ದೋಣಿಗೆ ಬಿಡುವುದಿಲ್ಲ, ವಯಸ್ಸಿನ ನಿಯಮವನ್ನು ಫೋನಿನಲ್ಲೇ ಕೇಳಿ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಸವಾರಿ ರದ್ದಾಗಬಹುದು. ಹೊರಗೆ ಬಿಸಿಲು ಬಂದಿದ್ದರೂ ಎತ್ತಲಿಂದಲೋ ಇಂಗಿದ ನೀರು ಗುಹೆಯಲ್ಲಿ ಏರುತ್ತಲೇ ಇರುತ್ತದೆ. ಹಾಗಾಗಿ ಸವಾರಿಯನ್ನು ಮೊದಲ ಬೆಳಿಗ್ಗೆಗೇ ಇಟ್ಟುಕೊಳ್ಳಿ. ತಪ್ಪಿದರೆ ಎರಡನೆಯ ಬೆಳಿಗ್ಗೆ ಕೈಯಲ್ಲಿರುತ್ತದೆ.

ಗುಹೆಯೊಳಗೆ ವರ್ಷವಿಡೀ 12 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಜುಲೈನಲ್ಲಿ ಹೊರಗೆ ಬೆವರುತ್ತಿದ್ದರೂ ಒಂದು ಸ್ವೆಟರ್ ಕೈಯಲ್ಲಿರಲಿ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗದೆ ಮೈ ತಣ್ಣಗಾಗಿಸುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಮೇಲು.

ಈಗ ಬಾವಲಿಗಳ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಬಾವಲಿಗಳ ಮೂತಿಯ ಮೇಲೆ ಬಿಳಿ ಬೂಷ್ಟು ಮೊದಲು ಕಂಡಿತು. ಚಳಿ ಇಷ್ಟಪಡುವ ಈ ಶಿಲೀಂಧ್ರ ಚಳಿಗಾಲದ ದೀರ್ಘ ನಿದ್ದೆಯಲ್ಲಿರುವ ಬಾವಲಿಯ ಚರ್ಮದಲ್ಲಿ ಬೆಳೆಯುತ್ತದೆ. ಇದರಿಂದ ಬಾವಲಿ ಮತ್ತೆಮತ್ತೆ ಎಚ್ಚರಗೊಂಡು ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬನ್ನು ಖರ್ಚುಮಾಡುತ್ತದೆ. ಹೊರಗೆ ತಿನ್ನಲು ಹುಳುವಿಲ್ಲ, ಹಸಿವಿನಿಂದ ಸಾಯುತ್ತದೆ. ಉತ್ತರ ಅಮೆರಿಕದಲ್ಲಿ ಲಕ್ಷಗಟ್ಟಲೆ ಬಾವಲಿಗಳು ಹೀಗೆ ಸತ್ತಿವೆ, 2011ರಲ್ಲಿ ರೋಗ ಇಂಡಿಯಾನಾಕ್ಕೂ ಬಂತು. ಬಾವಲಿಯಿಂದ ಬಾವಲಿಗೆ ಹರಡುವುದರ ಜೊತೆಗೆ ಮನುಷ್ಯರ ಬೂಟು, ಬಟ್ಟೆಗೆ ಅಂಟಿದ ಬೀಜಕಣಗಳಿಂದಲೂ ಅದು ಗುಹೆಯಿಂದ ಗುಹೆಗೆ ದಾಟಬಹುದು.

ನಮ್ಮವರಲ್ಲಿ ಅನೇಕರು ಕೆಂಟಕಿಯ ಮ್ಯಾಮತ್ ಕೇವ್ ನೋಡಿಕೊಂಡು ಅದೇ ಪ್ರವಾಸದಲ್ಲಿ ಇಲ್ಲಿಗೂ ಬರುತ್ತಾರೆ. ಹಾಗಿದ್ದರೆ ಅಲ್ಲಿ ತೊಟ್ಟ ಶೂ, ಜಾಕೆಟ್, ಬೆನ್ನಚೀಲ ಯಾವುದೂ ಇಲ್ಲಿನ ಗುಹೆಗೆ ಬೇಡ. ಬೇರೆ ಜೋಡಿ ತನ್ನಿ. ಮುಚ್ಚಿದ ಗುಹೆಗಳ ಬೇಲಿ ದಾಟಬೇಡಿ. ಡೊನಾಲ್ಡ್‌ಸನ್ ಗುಹೆಯ ಬಾಯಿಯವರೆಗೆ ಕಾಲುದಾರಿ ಹೋಗುತ್ತದೆ, ಅಲ್ಲಿಂದ ಮುಂದೆ ಫಲಕ ಹೇಳಿದಷ್ಟೇ. ಗೋಡೆಯ ಮೇಲೆ ಬಾವಲಿ ಕಂಡರೆ ಟಾರ್ಚ್ ಅದರ ಮುಖಕ್ಕೆ ಬಿಡಬೇಡಿ.

6. ಗಿರಣಿಯ ಮುಂದೆ ಒಂದು ಗಂಟೆ

ಮಧ್ಯಾಹ್ನ ಹಳ್ಳಿಗೆ ಇಳಿಯಿರಿ. ಆದರೆ ಮೊದಲು ಮೇಲೆ ಹೇಮರ್ ಗುಹೆಯ ಬಾಯಿಯತ್ತ ನಡೆದು, ಅಲ್ಲಿಂದ ನೀರಿನ ಜೊತೆ ಕೆಳಗೆ ಬನ್ನಿ. ನೀರು ಎತ್ತರದ ಮರದ ತೂಬಿನಲ್ಲಿ ಹರಿದು ಚಕ್ರದ ನೆತ್ತಿಗೆ ಬೀಳುತ್ತದೆ. ಚಕ್ರದ ಅಂಚಿನ ತೊಟ್ಟಿಗಳು ತುಂಬಿ ಒಂದು ಮಗ್ಗುಲು ಭಾರವಾಗುತ್ತದೆ, ಆ ಭಾರವೇ ಚಕ್ರವನ್ನು ಎಳೆಯುತ್ತದೆ. ನೀರಿನ ಸೆಳೆತವಲ್ಲ, ತೂಕ ಇಲ್ಲಿ ಕೆಲಸ ಮಾಡುವುದು; ಸಣ್ಣ ತೊರೆಯೊಂದು ದೊಡ್ಡ ಬೀಸುವ ಕಲ್ಲನ್ನು ತಿರುಗಿಸಬಲ್ಲ ಗುಟ್ಟು ಅದು. ಮಕ್ಕಳನ್ನು ಗಿರಣಿಯೊಳಗೆ ಕರೆದೊಯ್ಯಿರಿ, ಬೀಸುವ ವೇಳೆ ಕೇಳಿ ಕಾಯಿರಿ. ಕಟ್ಟಡವೇ ನಡುಗುವುದು ಕಾಲಿಗೆ ಗೊತ್ತಾಗುತ್ತದೆ.

ಇಲ್ಲಿ ಬೀಸಿದ ಹಿಟ್ಟು ಕೊಳ್ಳಲು ಸಿಗುತ್ತದೆ. ಒಂದು ಚೀಲ ತೆಗೆದುಕೊಳ್ಳಿ. ಮೆಕ್ಕೆಜೋಳದಲ್ಲಿ ಗ್ಲುಟೆನ್ ಇಲ್ಲದ ಕಾರಣ ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಒಂದಾಗದು. ಜೋಳದ ರೊಟ್ಟಿಗೆ ಮಾಡುವ ಹಾಗೆಯೇ ಕುದಿಯುವ ನೀರು ಹಾಕಿ ಮುಚ್ಚಿಡಿ; ಪಿಷ್ಟ ಬೆಂದು ಅಂಟಾಗುತ್ತದೆ. ಆಮೇಲೆ ಚೆನ್ನಾಗಿ ನಾದಿ, ಕೈಯಲ್ಲಿ ತಟ್ಟಿ. ಹಿಟ್ಟು ತರಿಯಾಗಿದ್ದರೆ ಜರಡಿ ಹಿಡಿಯಿರಿ, ಅಥವಾ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೇರಿಸಿ ದಪ್ಪಗೆ ತಟ್ಟಿ. ಬೀಡಿನ ಹೆಂಚು ಕೆಂಡದ ಮೇಲಿಟ್ಟು ಬೇಯಿಸಿದ ಈ ರೊಟ್ಟಿಗೆ ಮನೆಯಿಂದ ತಂದ ಶೇಂಗಾ ಚಟ್ನಿಪುಡಿ ಇದ್ದರೆ ಬೇರೆ ಊಟ ಬೇಡ. ಕಲ್ಲಿನಲ್ಲಿ ಬೀಸಿದ ಹಿಟ್ಟಿನಲ್ಲಿ ಕಾಳಿನ ಎಣ್ಣೆಯಂಶ ಉಳಿದಿದ್ದರೆ ಬೇಗ ಮುಗ್ಗಲು ಹಿಡಿಯುತ್ತದೆ. ಮಿಕ್ಕಿದ್ದನ್ನು ಮನೆಗೆ ಹೋದ ಕೂಡಲೇ ಫ್ರಿಜ್‌ನಲ್ಲಿಡಿ.

ಗೇಟಿನ ಬಳಿಯ ಗ್ರಿಸಮ್ ಸ್ಮಾರಕಕ್ಕೆ ಅರ್ಧ ಗಂಟೆ ಉಳಿಸಿಕೊಳ್ಳಿ. ಬಾಹ್ಯಾಕಾಶಕ್ಕೆ ಹೋದ ಎರಡನೆಯ ಅಮೆರಿಕನ್ ಗಸ್ ಗ್ರಿಸಮ್ ಮಿಚೆಲ್‌ನಲ್ಲಿ ಹುಟ್ಟಿದವರು, 1967ರ ಜನವರಿಯಲ್ಲಿ ಅಪೊಲೊ 1ರ ಬೆಂಕಿಯಲ್ಲಿ ತೀರಿಕೊಂಡರು. 1965ರಲ್ಲಿ ಅವರೂ ಜಾನ್ ಯಂಗ್ ಅವರೂ ಹಾರಿದ ಜೆಮಿನಿ 3ರ ಕೋಶ ಇಲ್ಲಿದೆ. ಇಬ್ಬರು ಅಷ್ಟು ಇಕ್ಕಟ್ಟಿನಲ್ಲಿ ಕೂತಿದ್ದರೇ ಎಂದು ಮಕ್ಕಳು ನಂಬುವುದಿಲ್ಲ.

7. ಕಾಡಿನ ಜಾಡು

ಡೊನಾಲ್ಡ್‌ಸನ್ ವುಡ್ಸ್ ಎಂಬ 67 ಎಕರೆ ಕಾಡು ಕೊಡಲಿ ಕಾಣದೆ ಉಳಿದದ್ದು. ಇಂಡಿಯಾನಾದಲ್ಲಿ ಅಂಥ ಕಾಡು ಈಗ ತೀರಾ ಅಪರೂಪ. ಜಾರ್ಜ್ ಡೊನಾಲ್ಡ್‌ಸನ್ ಎಂಬ ಸ್ಕಾಟ್ಲೆಂಡಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೆಲ ಕೊಂಡು ಮರ ಕಡಿಯಲು ಬಿಡಲಿಲ್ಲ. ಓಕ್, ಟ್ಯುಲಿಪ್ ಮರಗಳ ಬುಡದಲ್ಲಿ ನಿಂತು ಕತ್ತೆತ್ತಿದರೆ ಆ ವಲಸಿಗರು ಬಂದಾಗ ನೆಲವೆಲ್ಲ ಹೇಗಿತ್ತೆಂಬ ಅಂದಾಜು ಸಿಗುತ್ತದೆ. ಬೆಳಗಿನ ಹೊತ್ತು ಹೋಗಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಊಟದ ಸಾಮಾನು ಹೊರಗಿಟ್ಟು ಮಲಗುವುದು. ರಕೂನ್ ಕೂಲರ್‌ನ ಮುಚ್ಚಳ ತೆಗೆಯಬಲ್ಲ ಪ್ರಾಣಿ. ಚಿಪ್ಸ್ ಪೊಟ್ಟಣವಾಗಲಿ ಉಪ್ಪಿನಕಾಯಿ ಬಾಟಲಿಯಾಗಲಿ, ಎಲ್ಲವೂ ಕಾರಿನೊಳಗೆ. ಟೆಂಟ್ ಒಳಗೆ ತಿಂಡಿ ಇಡಲೇಬೇಡಿ.

ಉಣುಗನ್ನು ತಪ್ಪಾಗಿ ತೆಗೆಯುವುದು. ಮಲೆನಾಡಿನವರಿಗೆ ಉಣುಗಿನ ಪರಿಚಯ ಇದ್ದೇ ಇದೆ. ಇಲ್ಲಿನವೂ ರೋಗ ತರುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಿರಿ, ಸಂಜೆ ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಮಕ್ಕಳ ತಲೆಗೂದಲು ನೋಡಿ. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರಕ್ಕೆ ಎಳೆಯಿರಿ. ಮುಂದಿನ ವಾರಗಳಲ್ಲಿ ಜ್ವರ, ಚರ್ಮದಲ್ಲಿ ಕೆಂಪು ಮಚ್ಚೆ ಬಂದರೆ ವೈದ್ಯರಿಗೆ ಉಣುಗು ಕಚ್ಚಿದ್ದನ್ನು ಹೇಳಿ.

ಕಂಡ ಬಳ್ಳಿ ಮುಟ್ಟುವುದು. ಮೂರು ಎಲೆಗಳ ಗೊಂಚಲು, ಮರ ಹತ್ತಿದ ಬಳ್ಳಿಗೆ ರೋಮದಂಥ ಬೇರು: ಅದು ಪಾಯ್ಸನ್ ಐವಿ. ಗೇರು, ಮಾವಿನ ಕುಟುಂಬಕ್ಕೇ ಸೇರಿದ ಗಿಡ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಬೊಬ್ಬೆ ಎದ್ದವರಿಗೆ ಇದರ ಸೊನೆಯೂ ಹಾಗೇ ಎಂದರೆ ಸಾಕು. ತಾಗಿದ ಕೂಡಲೇ ಸಾಬೂನಿನಲ್ಲಿ ತೊಳೆಯಿರಿ. ಬೆಂಕಿಗೆ ಹಾಕಬೇಡಿ, ಅದರ ಹೊಗೆ ಶ್ವಾಸಕೋಶಕ್ಕೆ ಅಪಾಯ.

ಗುಡುಗು ಬಂದಾಗ ಟೆಂಟ್ ಒಳಗೇ ಕೂರುವುದು. ಟೆಂಟ್ ಮಳೆ ತಡೆಯುತ್ತದೆ, ಸಿಡಿಲನ್ನಲ್ಲ. ಕಾರಿಗೆ ಹೋಗಿ. ಸುಂಟರಗಾಳಿಯ ಎಚ್ಚರಿಕೆ ಇದ್ದರೆ ಸ್ನಾನದ ಕಟ್ಟಡದಂಥ ಗಟ್ಟಿ ಕಟ್ಟಡಕ್ಕೆ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ, ಹವಾಮಾನವನ್ನು ಸಂಜೆಯೇ ನೋಡಿಕೊಂಡು ಇಡೀ ಕುಟುಂಬಕ್ಕೆ ಆ ಕಟ್ಟಡ ತೋರಿಸಿಡಿ.

ರಾತ್ರಿ ಹನ್ನೊಂದರ ನಂತರವೂ ಹಾಡು, ಅಂತ್ಯಾಕ್ಷರಿ. ಪಾರ್ಕಿನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಮೌನದ ವೇಳೆ. ನಾಲ್ಕಾರು ಕುಟುಂಬ ಒಟ್ಟಿಗೆ ಹೋದಾಗ ಇದನ್ನು ಮೊದಲೇ ಮಾತಾಡಿಕೊಳ್ಳಿ. ಪಕ್ಕದ ಟೆಂಟಿನಲ್ಲಿ ಮಗು ಮಲಗಿರುತ್ತದೆ.

ಮರಳುವ ದಿನ

ಒದ್ದೆ ಟೆಂಟನ್ನು ಹಾಗೇ ಮಡಚಿ ಗ್ಯಾರೇಜಿಗೆ ಎಸೆದರೆ ಎರಡೇ ದಿನದಲ್ಲಿ ಬೂಷ್ಟು ಬಂದು ಬಟ್ಟೆ ಹಾಳು. ಮನೆಯಲ್ಲಿ ಹರಡಿ ಪೂರ್ತಿ ಒಣಗಿಸಿ. ಹೊರಡುವ ಮುನ್ನವೇ ಶೂ ಅಡಿಯ ಕೆಸರನ್ನು ಕಡ್ಡಿಯಿಂದ ಕೆರೆದು ತೆಗೆಯಿರಿ; ಕಳೆಗಳ ಬೀಜವೂ ಗುಹೆಯ ಬೂಷ್ಟಿನ ಕಣವೂ ಊರಿಂದೂರಿಗೆ ಸಾಗುವುದು ಅದೇ ಕೆಸರಿನಲ್ಲಿ. ಗುಹೆಗೆ ತೊಟ್ಟ ಬಟ್ಟೆಗಳನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ, ಮನೆ ತಲುಪಿದ ದಿನವೇ ಬಿಸಿನೀರಿನಲ್ಲಿ ಒಗೆಯಿರಿ. ಒಗೆದರೂ ಬೀಜಕಣ ಪೂರ್ತಿ ಸಾಯುತ್ತದೆಂಬ ಖಾತರಿಯಿಲ್ಲ. ಮುಂದಿನ ಸಲ ಬೇರೆ ಗುಹೆ ನೋಡುವುದಿದ್ದರೆ ಈ ಬಟ್ಟೆ, ಈ ಶೂ ಮನೆಯಲ್ಲೇ ಉಳಿಯಲಿ.